ಅಂಟಿಲ್, ಅನ್‌ಲೆಸ್ ಮತ್ತು ಒಂದು ‘ಜಬ್ ತಕ್’

ನಮ್ಮ ಮನೆತನದಲ್ಲಿ ಒಂದು ಮದುವೆ ಎರಡು ವರ್ಷದಿಂದ ನಿಂತಿತ್ತು. ಕೊಡು-ಕೊಳ್ಳುವ ಮಾತಿಗೆ ನಿಂತದ್ದಲ್ಲ. ಜಾತಕ ಕೂಡಲಿಲ್ಲವೆಂದೂ ಅಲ್ಲ. ಒಂದು ‘ಜಬ್ ತಕ್’ ಅದನ್ನು ಹಿಡಿದು ನಿಲ್ಲಿಸಿತ್ತು.

ನಗಬೇಡಿ. ಕಳೆದ ಭಾನುವಾರ ನನ್ನನ್ನು ಬಸವಕಲ್ಯಾಣದಿಂದ ಹುಮನಾಬಾದಿಗೆ ಎಳೆದುಕೊಂಡು ಹೋದದ್ದು ಇದೇ ಕೆಲಸಕ್ಕೆ. ನಾನು ವಕೀಲನಲ್ಲ, ಊರ ಪಂಚನೂ ಅಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಆದರೂ ನಮ್ಮ ಭಾವ ಗುರುಪಾದಪ್ಪನವರು, ಅಂದರೆ ನನ್ನ ಅಕ್ಕನ ಗಂಡ, ಶನಿವಾರ ಸಂಜೆ ಮನೆಗೆ ಬಂದು ಚಹಾದ ಬಟ್ಟಲು ಕೆಳಗಿಟ್ಟು ಹೇಳಿದರು:

“ನಾಳಿ ನನ್ನ ಸಂಗಡ ಹುಮನಾಬಾದಿಗಿ ಬರಬೇಕ್ ನೋಡ್ರಿ ಮಾಸ್ತರ. ಒಂದು ಮಾತಿನ ಫೈಸಲಾ ಆಗಬೇಕಾಗ್ಯಾದ.”

(ಹೆಂಡತಿಯ ತಮ್ಮನಿಗೆ ‘ಮಾಸ್ತರ’ ಅನ್ನುವುದು, ಮೇಲೆ ‘ರಿ’ ಹಚ್ಚುವುದು ಅವರಿಗೆ ಕೆಲಸವಿದ್ದಾಗ ಮಾತ್ರ. ಕೆಲಸವಿಲ್ಲದ ದಿನ ‘ಏನೋ’ ಅಂದರೆ ಮುಗಿಯಿತು.)

“ಮಾತಿನ ಫೈಸಲಾಕ್ಕ ನಾ ಯಾಕ ಭಾವ?” ಅಂದೆ.

“ಉರ್ದುದಾಗ ಆಡಿದ ಮಾತು ಅದು. ಅವರು ಒಂದು ಅರ್ಥ ಹೇಳಾಕತ್ತಾರ, ನಾವು ಒಂದು ಹೇಳಾಕತ್ತೀವಿ. ನೀವು ಇಂಗ್ಲಿಷದಾಗ ಹಾಕಿ ಹೇಳ್ರಿ, ಯಾವುದು ಖರೆ ಅಂತ. ಇಂಗ್ಲಿಷಿಗಿ ಇಬ್ಬರೂ ಅಂಜತೀವಿ.”

ಕನ್ನಡದ ಇಬ್ಬರು ಮನುಷ್ಯರು ಉರ್ದುವಿನಲ್ಲಿ ಆಡಿದ ಮಾತಿಗೆ ಇಂಗ್ಲಿಷಿನಲ್ಲಿ ನ್ಯಾಯ! ಇದು ನಮ್ಮ ಸೀಮೆ ಬಿಟ್ಟು ಇನ್ನೆಲ್ಲಾದರೂ ನಡೆದೀತೇ?

ಹಿಂದಿನ ಕಥೆ ಹೇಳುತ್ತೇನೆ. ಅಕ್ಕನ ಮಗಳು ಮಹಾನಂದಾ. ಅವಳು ಪಿಯುಸಿ ಮುಗಿಸಿದ ವರ್ಷ ಹುಮನಾಬಾದಿನ ಮಾಣಿಕಪ್ಪನವರು ಹೆಂಡತಿ, ಮಗನ ಜೊತೆ ಅವಳನ್ನು ನೋಡಲು ಬಂದಿದ್ದರು. ಮಾಣಿಕಪ್ಪನವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ಮಗ ಶಿವರಾಜನೂ ಗುಮಾಸ್ತನೇ, ಆದರೆ ಟೆಂಪರರಿ. ಮಂಡಕ್ಕಿಯ ಸುಸಲಾ ತಿಂದದ್ದಾಯಿತು, ಚಹಾ ಆಯಿತು. ಹುಡುಗಿ ಮನಸ್ಸಿಗೆ ಬಂದಳು. ಹುಡುಗ ತಲೆ ಎತ್ತಲಿಲ್ಲ, ಆದ್ದರಿಂದ ಅವನೂ ಎಲ್ಲರ ಮನಸ್ಸಿಗೆ ಬಂದ. ಆಗ ಮಾಣಿಕಪ್ಪನವರು ಟೊಪ್ಪಿಗೆ ಸರಿಮಾಡಿಕೊಂಡು, ಸಣ್ಣಗೆ ಕೆಮ್ಮಿ, ಒಂದು ಮಾತು ಹೇಳಿದರು:

“ಜಬ್ ತಕ್ ನೌಕ್ರಿ ಪಕ್ಕಿ ನೈ ಹೋತಿ, ತಬ್ ತಕ್ ಶಾದಿ ನೈ ಹೋತಿ.”

ನೌಕರಿ ಕಾಯಂ ಆಗದೆ ಮದುವೆ ಇಲ್ಲ, ಅಂತ. ಯಾಕೆ ಉರ್ದು ಅಂತ ಹೊರಗಿನವರು ಕೇಳಬಹುದು. ನಮ್ಮ ಹಿರಿಯರು ನಿಜಾಮರ ಕಾಲದಲ್ಲಿ ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಉರ್ದು ಓದಿದವರು. ನಾನೂ ಮೊದಲು ತಿದ್ದಿದ್ದು ಅಲಿಫ್ ಬೇ. ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಬೋರ್ಡುಗಳು ಬದಲಾದವು. ನಾಲಿಗೆ ಅಷ್ಟು ಬೇಗ ಬದಲಾಗುತ್ತದೆಯೇ? ಈಗಲೂ ನಮ್ಮ ಕಡೆಯ ಹಿರಿಯರು ಮುದ್ದು ಮಾಡುವುದು, ಬೈಯುವುದು, ಎಮ್ಮೆ ವ್ಯಾಪಾರ, ಎಲ್ಲ ಕನ್ನಡದಲ್ಲೇ. ಆದರೆ ತೂಕದ ಮಾತು ಬಂತೋ, ಬೆನ್ನು ನೆಟ್ಟಗೆ ಮಾಡಿ ಉರ್ದುವಿಗೆ ಇಳಿಯುತ್ತಾರೆ. ಕನ್ನಡದಲ್ಲಿ ಹೇಳಿದರೆ ಅದು ಮಾತು, ಉರ್ದುವಿನಲ್ಲಿ ಹೇಳಿದರೆ ಫರ್ಮಾನು.

ಎಲ್ಲರೂ “ಬರೋಬರಿ ಅದ” ಅಂದರು. ಅಕ್ಕ ಎಲ್ಲರ ಕೈಗೆ ಸಕ್ಕರೆ ಹಾಕಿದಳು. ಅಂದಿನಿಂದ ಭಾವ ಮತ್ತು ಮಾಣಿಕಪ್ಪನವರು ಒಬ್ಬರಿಗೊಬ್ಬರು ‘ಬೀಗರೇ’ ಅನ್ನತೊಡಗಿದರು.

ಮುಂದೆ? ನೌಕರಿ ಪಕ್ಕಾ ಆಗಲಿಲ್ಲ. ಮದುವೆಯೂ ಆಗಲಿಲ್ಲ. ಫರ್ಮಾನು ಅಕ್ಷರಶಃ ಪಾಲನೆಯಾಯಿತು.

ಆದರೆ ನಡುವೆ ಮಹಾನಂದಾ ಇದ್ದಳಲ್ಲ? ಮೊದಲ ವರ್ಷವೇ ಅವಳಿಗೆ ಬೀದರಿನಲ್ಲಿ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು. “ಇವತ್ತ ನಾಳಿ ಲಗ್ನ ಆಗಾಕಿಗಿ ಟ್ರೇನಿಂಗ್ ಯಾಕ?” ಅಂತ ಭಾವ ಬಿಡಿಸಿದರು. ಮಂಠಾಳದಿಂದ ಒಂದು ಒಳ್ಳೆಯ ಸಂಬಂಧ ಕೇಳಿಕೊಂಡು ಬಂತು. “ನಮ್ಮ ಹುಡುಗಿದು ಆಗ್ಯಾದ್ರಿ” ಅಂತ ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಆ ಹುಡುಗಿ ಎರಡು ವರ್ಷ ಓದುವವಳೂ ಅಲ್ಲ, ಮದುಮಗಳೂ ಅಲ್ಲ. ನಳದ ಹತ್ತಿರ ಕೊಡ ಹಿಡಿದು ನಿಂತರೆ ಸಾಕು, “ಯಾವಾಗ ಮಹಾನಂದಾ?” ಅಂತ ಕೇಳದ ಹೆಂಗಸಿಲ್ಲ. ಅವಳು ನಕ್ಕು ಕೊಡ ತುಂಬಿಕೊಳ್ಳುತ್ತಿದ್ದಳು. ಆ ನಗೆ ನೋಡಿದಾಗ ನನಗೆ ಸಂಕಟವಾಗುತ್ತಿತ್ತು.

ಈ ವರ್ಷ ಮತ್ತೆ ಟ್ರೇನಿಂಗಿಗೆ ಅರ್ಜಿ ಕರೆದಿದ್ದಾರೆ. ತಿಂಗಳ ಕೊನೆಗೆ ಮುಗಿಯುತ್ತದೆ. ಅವಳು ಅಪ್ಪನನ್ನು ಕೇಳಿದಳು. “ಹುಮನಾಬಾದಿಂದು ಒಂದು ತಿಳೀಲಿ ತಡಿ” ಅಂದರು ಅಪ್ಪ. ಅಷ್ಟರಲ್ಲಿ ಸುದ್ದಿ ಬಂತು: ಮಾಣಿಕಪ್ಪನವರು ಗುಲ್ಬರ್ಗಾದಲ್ಲಿ ಬೇರೊಂದು ಕನ್ಯೆ ನೋಡಿಕೊಂಡು ಬಂದಿದ್ದಾರೆ.

ಈಗ ಸ್ವಲ್ಪ ಗ್ರಾಮರು. (ಪುಟ ತಿರುಗಿಸಬೇಡಿ. ಪರೀಕ್ಷೆ ಇಲ್ಲ.)

ನನ್ನ ಕ್ಲಾಸಿನ ಹುಡುಗರು ತರುವ ರಜಾ ಚೀಟಿಗಳಲ್ಲಿ ಒಂದು ವಾಕ್ಯ ವರ್ಷವರ್ಷವೂ ಬರುತ್ತದೆ: ‘ಪ್ಲೀಸ್ ಗ್ರಾಂಟ್ ಲೀವ್ ಟು ಮೈ ಸನ್ ಅಂಟಿಲ್ ಹಿ ಈಸ್ ನಾಟ್ ವೆಲ್.’ ಇಂಗ್ಲಿಷಿನವನು ಓದಿದರೆ ಏನು ಅರ್ಥ? ಹುಡುಗ ಈಗ ಗಟ್ಟಿಮುಟ್ಟಾಗಿದ್ದಾನೆ, ಕಾಯಿಲೆ ಬೀಳುವ ತನಕ ರಜೆ ಕೊಡಿ! ಅಪ್ಪ ಬರೆದದ್ದು ಇಂಗ್ಲಿಷಿನಲ್ಲಿ, ಯೋಚಿಸಿದ್ದು ‘ಜಬ್ ತಕ್ ಅಚ್ಛಾ ನೈ ಹೋತಾ’ ಅಂತ. ಉರ್ದುವಿನಲ್ಲಿ ಆ ‘ನೈ’ ಬೇಕು. ಪಕ್ಕದ ಮರಾಠಿಯಲ್ಲೂ ಅದರಂಥ ಒಂದು ‘ನಾಹಿ’ ಬೇಕು. ಇಂಗ್ಲಿಷಿನಲ್ಲಿ ಬೇಡ. ‘ಅಂಟಿಲ್ ಹಿ ಈಸ್ ವೆಲ್’ ಅಂದರೆ ಸಾಕು. ನಮ್ಮ ಕನ್ನಡದ ‘ಗುಣವಾಗುವ ತನಕ’ ಇದ್ದ ಹಾಗೆಯೇ. ಆದರೆ ನಮ್ಮವರು ಇಂಗ್ಲಿಷಿಗೆ ಹೋಗುವ ಬಸ್ಸನ್ನು ಉರ್ದುವಿನ ಸ್ಟ್ಯಾಂಡಿನಲ್ಲಿ ಹತ್ತಿರುತ್ತಾರೆ.

ತೊಂದರೆ ಇಷ್ಟೇ ಆಗಿದ್ದರೆ ಕೆಂಪು ಪೆನ್ಸಿಲ್ ಸಾಕಿತ್ತು. ಅದೇ ‘ಜಬ್ ತಕ್ ನೈ’ ಇನ್ನೊಂದು ಇಂಗ್ಲಿಷ್ ಪದದ ಕೆಲಸವನ್ನೂ ಮಾಡುತ್ತದೆ. ಅದು ‘ಅನ್‌ಲೆಸ್’. ‘ಅಂಟಿಲ್’ ಮತ್ತು ‘ಅನ್‌ಲೆಸ್’ ನೋಡಲು ಅಕ್ಕತಂಗಿಯರು. ಸ್ವಭಾವ ಮಾತ್ರ ಬೇರೆ. ‘ಅಂಟಿಲ್’ ಗಡಿಯಾರ ನೋಡುತ್ತದೆ. ಆಗುವುದು ಆಗಿಯೇ ಆಗುತ್ತದೆ, ಅಲ್ಲಿಯವರೆಗೆ ತಡೆ ಎನ್ನುತ್ತದೆ. ‘ಅನ್‌ಲೆಸ್’ ಗಡಿಯಾರ ನೋಡುವುದಿಲ್ಲ. ಆದರೆ ಸರಿ, ಆಗದಿದ್ದರೆ ಇಲ್ಲ, ಅಷ್ಟೇ ಅದರ ಮಾತು. ಅದು ಒಂದು ‘ನಾಟ್’ ಅನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಓಡಾಡುತ್ತದೆ. ಮೇಲೆ ಇನ್ನೊಂದು ಹಾಕಿದಿರೋ, ಅರ್ಥ ಪಲ್ಟಿ ಹೊಡೆಯುತ್ತದೆ.

ಎರಡಕ್ಕೂ ಮುಂದೆ ‘ವಿಲ್’ ಹಚ್ಚಬಾರದು. ‘ಅಂಟಿಲ್ ಹಿ ಕಮ್ಸ್’ ಸರಿ, ‘ಅಂಟಿಲ್ ಹಿ ವಿಲ್ ಕಮ್’ ತಪ್ಪು. ಇನ್ನೊಂದು ಮುಖ್ಯ ಭೇದವಿದೆ. ‘ಅಂಟಿಲ್ ಸಂಡೇ’ ಅನ್ನಬಹುದು, ‘ಅನ್‌ಲೆಸ್ ಸಂಡೇ’ ಅನ್ನಲಾಗದು. ಯಾಕೆಂದರೆ ಷರತ್ತಿಗೆ ವಾರ, ತಿಥಿ ಇರುವುದಿಲ್ಲ.

(ನಮ್ಮ ಕನ್ನಡವೇನು ಗಂಗೆ ಮಿಂದಿದೆಯೇ? ‘ಅವನು ಬಂದ ಹೊರತು’ ಎಂದು ಒಬ್ಬ ಬರೆಯುತ್ತಾನೆ, ‘ಅವನು ಬಾರದ ಹೊರತು’ ಎಂದು ಇನ್ನೊಬ್ಬ. ಇಬ್ಬರ ಅರ್ಥವೂ ಒಂದೇ! ಹೀಗಾಗಿ ಉರ್ದುವಿನ ಮೇಲೆ ಯಾರೂ ಕಲ್ಲೆಸೆಯುವ ಹಾಗಿಲ್ಲ.)

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದರೆ ಭಾವನ ಜೊತೆ ಅಕ್ಕ ನಿಂತಿದ್ದಳು. ಅಕ್ಕನ ಪಕ್ಕದಲ್ಲಿ ಮಹಾನಂದಾ. ಭಾವನ ಮುಖ ಕೆಂಪಾಗಿತ್ತು.

“ನೀ ಯಾಕ ಬರಾಕತ್ತಿ? ಕನ್ಯಾ ತಾನಾಗೇ ಗಂಡಿನ ಮನಿಗಿ ಹೋಗೂದು ಎಲ್ಲಿ ಪದ್ಧತಿ?”

“ಕಾದಾಕಿ ನಾ ಅಲ್ಲೇನು ಅಪ್ಪಾ? ಬರ್ತೀನಿ. ಒಳಗ ಕೂಡ್ತೀನಿ, ಮಾತಾಡೂದಿಲ್ಲ.”

ಅಕ್ಕ ಸೆರಗು ಬಿಗಿದು ಮೊದಲು ಬಸ್ ಹತ್ತಿದಳು. ಅಕ್ಕ ಬಸ್ ಹತ್ತಿದ ಮೇಲೆ ಭಾವ ಮಾತು ಬೆಳೆಸುವುದಿಲ್ಲ. ಸೋಲಾಪುರ–ಹೈದರಾಬಾದ್ ರಸ್ತೆಯ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹುಮನಾಬಾದ್ ತಲುಪಿದೆವು. ದಾರಿಯುದ್ದಕ್ಕೂ ಮಹಾನಂದಾ ಕಿಟಕಿಯಾಚೆ ನೋಡುತ್ತಿದ್ದಳು. ಒಮ್ಮೆ ಮಾತ್ರ ನನ್ನ ಕಡೆ ವಾಲಿ ಕೇಳಿದಳು, “ಮಾಮಾ, ಅದು ಹೌದೋ ಅಲ್ಲೋ ಅಂತ ಇಂಗ್ಲಿಷದಾಗ ತಿಳೀತದೇನು?”

“ಇಂಗ್ಲಿಷದಾಗ ಅಲ್ಲವ್ವ, ಆಡಿದವರ ಮನಸ್ಸಿನಾಗ ತಿಳೀಬೇಕು” ಅಂದೆ. ಮೇಷ್ಟರ ಉತ್ತರ. ಅವಳಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಮಾಣಿಕಪ್ಪನವರು ಬಾಗಿಲಿಗೇ ಬಂದು ಕೈಮುಗಿದರು. “ಬರ್ರಿ, ಬರ್ರಿ ಗುರುಪಾದಪ್ಪನೋರ. ಮಾಸ್ತರ್ರೂ ಬಂದಾರ! ಕೂಡ್ರಿ.”

ಗಮನಿಸಿದಿರಾ? ‘ಬೀಗರೇ’ ಇರಲಿಲ್ಲ. ಗಮನಿಸಿದ ನಮ್ಮ ಭಾವ, ತಾವು ಮಾತ್ರ ಬೇಕೆಂದೇ ಒತ್ತಿ ಶುರುಮಾಡಿದರು.

“ಬೀಗರೇ, ಗುಲ್ಬರ್ಗಾದಾಗ ಕನ್ಯಾ ನೋಡಾಕತ್ತೀರಂತ?”

“ನೋಡೀವ್ರಿ. ಸುಳ್ಳ ಯಾಕ ಹೇಳ್ಲಿ? ಹುಡುಗಿ ಸ್ವಾದರಮಾವ ದೊಡ್ಡ ಹುದ್ದೆದಾಗ ಇದ್ದಾನ. ಶಿವರಾಜಂದು ನೌಕ್ರಿ ಪಕ್ಕಿ ಮಾಡಸ್ತೀನಿ ಅಂದಾನ.”

“ನಮಗ ಮಾತು ಕೊಟ್ಟಿದ್ರಿ!”

“ಕೊಟ್ಟಿದ್ದೆ. ಇವತ್ತೂ ಅದಾ ಮಾತು.” ಮಾಣಿಕಪ್ಪನವರು ಬೆನ್ನು ನೆಟ್ಟಗೆ ಮಾಡಿದರು. “ಜಬ್ ತಕ್ ನೌಕ್ರಿ ಪಕ್ಕಿ ನೈ ಹೋತಿ, ತಬ್ ತಕ್ ಶಾದಿ ನೈ ಹೋತಿ. ಒಂದು ಹರ್ಫ್ ಬದಲ್ ಆಗಿದ್ರ ಹೇಳ್ರಿ.”

ಒಂದಕ್ಷರವೂ ಬದಲಾಗಿರಲಿಲ್ಲ. ಅಷ್ಟು ನಿಯತ್ತಿನಿಂದ ಮಾತು ಉಳಿಸಿಕೊಂಡವರನ್ನು ನಾನು ಕಂಡಿಲ್ಲ.

“ಅಂದ್ರ ಪಕ್ಕಿ ಆದ ಮ್ಯಾಲ ಮಾಡ್ತೀವಿ ಅಂತ. ಅದಕ್ಕಾ ಕಾದೀವಿ” ಅಂದರು ಭಾವ.

“ಅಂದ್ರ ಪಕ್ಕಿ ಆಗದಿದ್ರ ಇಲ್ಲ ಅಂತ. ಅದಕ್ಕಾ ಬ್ಯಾರೆ ನೋಡೀವಿ” ಅಂದರು ಮಾಣಿಕಪ್ಪನವರು.

ಇಬ್ಬರೂ ನನ್ನ ಕಡೆ ತಿರುಗಿದರು. ಶಿವರಾಜ ಮೂಲೆಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ. ಒಂದೇ ಪುಟ ಬಹಳ ಹೊತ್ತಿನಿಂದ ಓದುತ್ತಿದ್ದ. ಹೆಂಗಸರು ಒಳಮನೆಯಲ್ಲಿದ್ದರು. ಬಾಗಿಲ ಪರದೆ ಅರ್ಧ ಸರಿದಿತ್ತು.

ನಾನು ಹೇಳಿದೆ. ಈ ಮಾತು ಇಂಗ್ಲಿಷಿನಲ್ಲಿ ಎರಡು ಆಗುತ್ತದೆ. ಒಂದು ‘ಅಂಟಿಲ್’, ಅದು ಮುದ್ದತು. ಇನ್ನೊಂದು ‘ಅನ್‌ಲೆಸ್’, ಅದು ಷರತ್ತು. ಮುದ್ದತು ಅಂದರೆ ಸಂಬಂಧ ಗಟ್ಟಿ, ದಿನ ಮಾತ್ರ ಮುಂದೆ. ಷರತ್ತು ಅಂದರೆ ಸಂಬಂಧವೇ ಗಟ್ಟಿಯಾಗಿಲ್ಲ. ಮುದ್ದತಿಗೆ ತಾರೀಖು ಇರುತ್ತದೆ, ಷರತ್ತಿಗೆ ಇರುವುದಿಲ್ಲ. ನೀವು ಆಡಿದ ಮಾತಿನಲ್ಲಿ ಎರಡೂ ಕೂಡುತ್ತವೆ. (ಮುದ್ದತು, ಷರತ್ತು ಎರಡೂ ನಮಗೆ ಉರ್ದುವಿನಿಂದಲೇ ಬಂದ ಪದಗಳು. ಮಾಣಿಕಪ್ಪನವರು ಕಚೇರಿಯಲ್ಲಿ ದಿನಬೆಳಗಾದರೆ ಬರೆದ ಪದಗಳು. ಬೇಕಿದ್ದರೆ ಅಂದೇ ಒಂದನ್ನು ಆರಿಸಿ ಹೇಳಬಹುದಿತ್ತು. ಭಾಷೆಯಲ್ಲಿ ಕೊರತೆ ಇರಲಿಲ್ಲ.)

ನಾನು ಜಗಳ ಹತ್ತುತ್ತದೆ ಅಂದುಕೊಂಡಿದ್ದೆ. ಆದದ್ದೇ ಬೇರೆ.

“ದೋನೋ ಸಹೀ!” ಮಾಣಿಕಪ್ಪನವರು ತೊಡೆ ತಟ್ಟಿದರು. “ನೋಡ್ರಿ, ಓದಿದವರ ಮಾತು ಹ್ಯಾಂಗ ಇರ್ತದ! ನಿಮ್ಮದೂ ಖರೆ, ನಮ್ಮದೂ ಖರೆ.”

ಭಾವನ ಮುಖ ಬಿಚ್ಚಿತು. “ಹಂಗಂದ್ರ ಸಂಬಂಧ ಮುರದಿಲ್ಲ ಅಂತಾತು.”

“ಮುರ್ಯೂದು ಯಾಕ? ಗುಲ್ಬರ್ಗಾದ್ದೂ ಏನ್ ಪಕ್ಕಾ ಆಗಿಲ್ಲ. ಇನ್ನೊಂದು ವರ್ಷ ನೋಡೋಣ. ಏ, ಚಹಾ ತರ್ರಿ ಇನ್ನೊಂದು ಸರ್ತಿ!”

ನೋಡಿ, ಎರಡು ಅರ್ಥದ ಮಾತು ಇದ್ದರೆ ಗಂಡಸರಿಗೆ ಎಷ್ಟು ಅನುಕೂಲ! ಯಾರ ಮಾನವೂ ಹೋಗುವುದಿಲ್ಲ. ಯಾರೂ ಸುಳ್ಳುಗಾರರಾಗುವುದಿಲ್ಲ. ನನ್ನ ವ್ಯಾಕರಣ ಇಬ್ಬರಿಗೂ ತಲೆದಿಂಬು ಆಯಿತು. ನನಗೆ ಸಿಟ್ಟು ಬಂತು, ಅವರ ಮೇಲೂ, ನನ್ನ ವಿವರಣೆಯ ಮೇಲೂ. ಇವರು ಇನ್ನೊಂದು ವರ್ಷ ಅಂದರೆ ಟ್ರೇನಿಂಗಿನ ಅರ್ಜಿ ಈ ಸಲವೂ ಹೋದಂತೆಯೇ.

ಪರದೆ ಸರಿಯಿತು. ಮಹಾನಂದಾ ಹೊಸ್ತಿಲ ಮೇಲೆ ನಿಂತಿದ್ದಳು. ಮಾತಾಡುವುದಿಲ್ಲ ಅಂದವಳು ಮಾತಾಡಿದಳು, ಅದೂ ಯಜಮಾನರಿಬ್ಬರನ್ನು ಬಿಟ್ಟು ಮೂಲೆಯ ಕುರ್ಚಿಯ ಕಡೆ ನೋಡಿ.

“ನಿಮಗಾ ಕೇಳಾಕತ್ತೀನ್ರಿ. ಮುದ್ದತು ಇದ್ರ ಒಂದು ತಾರೀಖು ಹೇಳ್ರಿ. ದೀಪಾವಳಿತನಾ ಅನ್ರಿ, ಯುಗಾದಿತನಾ ಅನ್ರಿ. ನೌಕ್ರಿ ಪಕ್ಕಿ ಆಗ್ಲಿ, ಬಿಡ್ಲಿ. ನಾ ಕಾಯ್ತೀನಿ. ಕನ್ನಡದಾಗ ಹೇಳ್ರಿ.”

ಭಾವ “ಏ ಹುಡುಗಿ!” ಅಂದರು, ಆದರೆ ದನಿ ಏರಲಿಲ್ಲ. ಶಿವರಾಜ ಪೇಪರು ಮಡಚಿದ. ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. ಕೆಟ್ಟ ಹುಡುಗನಲ್ಲ. ಅವನ ಕಣ್ಣಲ್ಲಿ ಏನೋ ಇತ್ತು, ಒಂದು ಹಬ್ಬದ ಹೆಸರು ತುಟಿಯ ತನಕ ಬಂದಂತೆಯೂ ಕಂಡಿತು. ಆಮೇಲೆ ಅವನು ಅಪ್ಪನ ಮುಖ ನೋಡಿದ.

“ಅಪ್ಪಾ ಹ್ಯಾಂಗ ಹೇಳ್ತಾರ ಹಂಗ” ಅಂದ.

“ತಾರೀಖು ಹ್ಯಾಂಗ ಹೇಳ್ಲಿಕ್ಕಿ ಬರ್ತದವ್ವ?” ಮಾಣಿಕಪ್ಪನವರು ನಗುತ್ತ ನಡುವೆ ಬಂದರು. “ಸರ್ಕಾರದ ಕೆಲಸ ಅದ. ನೀ ಶ್ಯಾಣ್ಯಾಕಿ ಇದ್ದಿ, ನಿನಗ ತಿಳೀತದ.”

“ತಿಳೀತ್ರಿ ಕಾಕಾರ” ಅಂದಳು ಮಹಾನಂದಾ.

ಎರಡನೆಯ ಚಹಾ ಬಂತು. ಯಾರಿಗೂ ಅದನ್ನು ಬೇಡ ಅನ್ನುವ ಧೈರ್ಯ ಇರಲಿಲ್ಲ, ಕುಡಿದೆವು. ಭಾವ ಮತ್ತು ಮಾಣಿಕಪ್ಪನವರು ತೊಗರಿಯ ಧಾರಣೆ ಮಾತಾಡಿದರು. ಅವಳು ಹೇಳಿದ್ದು ಮಕ್ಕಳ ಮಾತು, ಹಿರಿಯರ ಕರಾರು ತನ್ನ ಜಾಗದಲ್ಲಿ ಹಾಗೇ ಇದೆ ಅನ್ನುವಂತಿತ್ತು ಇಬ್ಬರ ವರ್ತನೆ. ಏಳುವಾಗ ಭಾವ “ಹಾಂಗಾದ್ರ ಯುಗಾದಿ ಮುಂದ ಒಂದು ಸರ್ತಿ ಕೂಡೋಣ ಬೀಗರೇ” ಅಂದೇಬಿಟ್ಟರು. “ಜರೂರ್, ಜರೂರ್” ಅಂದರು ಅವರು.

ಶಿವರಾಜನ ತಾಯಿ ಕುಂಕುಮದ ಬಟ್ಟಲು ತಂದಳು. ಅಕ್ಕನಿಗೆ ಹಚ್ಚಿದಳು, ಮಹಾನಂದಾಳಿಗೂ ಹಚ್ಚಿದಳು. ಹಚ್ಚುವಾಗ ಅವಳ ಗಲ್ಲ ಸವರಿದಳು. ಆ ತಾಯಿಗೆ ಈ ಹುಡುಗಿ ಬೇಕಾಗಿತ್ತು, ಅದು ಅವಳ ಕೈಯಲ್ಲೇ ಕಾಣುತ್ತಿತ್ತು. ಆದರೆ ಅವಳಿಗೆ ಉರ್ದು ಬರುವುದಿಲ್ಲ, ಫರ್ಮಾನು ಹೊರಡಿಸುವವಳು ಅವಳಲ್ಲ. ಮಹಾನಂದಾ ಬಗ್ಗಿ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಎದ್ದು ಸೆರಗು ಸರಿಮಾಡಿಕೊಂಡು ಹೇಳಿದಳು:

“ಹೋಗ್ತೀವ್ರಿ.”

ತಾಯಿಯ ಕೈ ಅಲ್ಲೇ ನಿಂತಿತು. ಮನೆ ಬಿಡುವಾಗ ಆ ಮಾತು ಯಾರಾದರೂ ಆಡುತ್ತಾರೆಯೇ? ಸಾವಿನ ಮನೆಯಿಂದ ಎದ್ದು ಬರುವಾಗಲೂ ಬಾಯಿಗೆ ಬಾರದ ಮಾತು ಅದು. ಸುಮ್ಮನೆ ಎದ್ದು ಬರುತ್ತೇವೆ, ‘ಹೋಗ್ತೀವಿ’ ಅನ್ನುವುದಿಲ್ಲ. ಅಕ್ಕ ಅವಳ ತೋಳು ಹಿಡಿದಳು. ಹುಡುಗನ ತಾಯಿ ಮೆಲ್ಲಗೆ, ತಪ್ಪು ತಿದ್ದುವ ಹಾಗೆ ಹೇಳಿದಳು:

“ಹಂಗ ಅನಬಾರದವ್ವ. ಬರ್ತೀವಿ ಅನ್ನು.”

“ಇಲ್ರಿ ಅವ್ವಾರ” ಅಂದಳು ಮಹಾನಂದಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಹೋಗ್ತೀವಿ.”

ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿದಳು. ಮಾಣಿಕಪ್ಪನವರ ನಗೆ ಮುಖದ ಮೇಲೆ ಅರ್ಧಕ್ಕೆ ನಿಂತಿತ್ತು.

ಆ ಮಾತಿನ ಅರ್ಥವೇನೆಂದು ಯಾರೂ ಮಾಸ್ತರನನ್ನು ಕೇಳಲಿಲ್ಲ.